ಸ್ಕ್ರೀನ್ ಎಲ್ಲಾ ತೆಗ್ದು ಒಂದು ಚಾಟ್ ಬಾಕ್ಸ್ ಇಟ್ರೆ ಸಾಕಾ?

ಓದುಗರೊಬ್ಬರ ಪತ್ರ:

"ನಾನು ಆರು ವರ್ಷದಿಂದ ಇಂಟರಾಕ್ಷನ್ ಡಿಸೈನರ್, ಅಂದ್ರೆ ಜನ ಆ್ಯಪನ್ನ ಬಳಸೋ ರೀತೀನ ರೂಪಿಸೋದು ನನ್ನ ಕೆಲಸ. ನಮ್ಮ ಕಂಪನಿ ಆಸ್ಪತ್ರೆಗಳಿಗೆ ಆ್ಯಪ್ ಮಾಡುತ್ತೆ. ಅಪಾಯಿಂಟ್‌ಮೆಂಟ್ ತಗೊಳ್ಳೋದು, ಬದಲಾಯಿಸೋದು, ಲ್ಯಾಬ್ ರಿಪೋರ್ಟ್ ನೋಡೋದು, ಅದನ್ನ ಇನ್ನೊಬ್ಬ ಡಾಕ್ಟರಿಗೆ ಕಳ್ಸೋದು, ಇಷ್ಟೇ ಅದರ ಕೆಲಸ. ಮೂರು ತಿಂಗಳ ಹಿಂದೆ ಮೇಲಿನವರು ಒಂದು ತೀರ್ಮಾನ ಮಾಡಿದ್ರು. ಹೋಮ್ ಸ್ಕ್ರೀನಿನ ಮೆನು, ಬಟನ್ನು ಎಲ್ಲಾ ತೆಗೆದು 'ನಿಮಗೇನು ಬೇಕು ಹೇಳಿ' ಅನ್ನೋ ಒಂದೇ ಒಂದು ಚಾಟ್ ಬಾಕ್ಸ್. ಹಿಂದೆ ಇರೋ ಎಐ ಏಜೆಂಟೇ ಬುಕ್ ಮಾಡುತ್ತೆ, ಕ್ಯಾನ್ಸಲ್ಲೂ ಮಾಡುತ್ತೆ. ತಪ್ಪಾದ್ರೆ ಏನು ಗತಿ ಅಂತ ಕೇಳಿದ್ರೆ 'ಪ್ರತಿ ಹೆಜ್ಜೆಗೂ ಖಚಿತವಾ ಅಂತ ಪಾಪ್‌ಅಪ್ ಹಾಕ್ತೀವಲ್ಲ' ಅಂತಾರೆ. ಪ್ರೋಟೋಟೈಪನ್ನ, ಅಂದ್ರೆ ಪರೀಕ್ಷೆಗೆ ಮಾಡೋ ಮೊದಲ ಮಾದರೀನ, ಈಗ ಪ್ರಾಡಕ್ಟ್ ಮ್ಯಾನೇಜರೇ ಎಐ ಟೂಲಲ್ಲಿ ಅರ್ಧ ದಿನದಲ್ಲಿ ಮಾಡಿ ಮುಗಿಸ್ತಾರೆ. ಯೂಸರ್ ಟೆಸ್ಟಿಂಗ್ ದುಡ್ಡು ಕಟ್ ಆಗಿದೆ, ಬದಲಿಗೆ ಎಐ ಹುಟ್ಟಿಸಿದ ಕೃತಕ ಬಳಕೆದಾರರ ಹತ್ರ ಅಭಿಪ್ರಾಯ ಕೇಳ್ತಾರೆ. ನಾನು ಬಾಯಿ ಬಿಟ್ರೆ ಹಳೇ ಕಾಲದವಳು ಅಂತಾರೆ. ನನಗೇ ಈಗ ಅನುಮಾನ, ಕೆಲಸ ಹೋಗೋ ಭಯಕ್ಕೆ ನಾನು ವಿರೋಧ ಮಾಡ್ತಿದೀನಾ ಅಥವಾ ನಿಜವಾಗ್ಲೂ ಏನೋ ತಪ್ಪಾಗ್ತಿದೆಯಾ? ಈ ಕೆಲಸಾನೇ ಬಿಟ್ಬಿಡ್ಲಾ?"

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ವಿಷಯ ಒಂದಕ್ಕೊಂದು ಸಿಕ್ಕಾಕ್ಕೊಂಡಿವೆ. ಸ್ಕ್ರೀನ್ ಜಾಗದಲ್ಲಿ ಚಾಟ್ ಬರಬಹುದಾ ಅನ್ನೋದು ಒಂದು, ಜನರ ಪರವಾಗಿ ಏಜೆಂಟ್ ಕೆಲಸ ಮಾಡಿದ್ರೆ ಅದು ಸುರಕ್ಷಿತನಾ ಅನ್ನೋದು ಇನ್ನೊಂದು, ನಿಮ್ಮ ಕೆಲಸ ಉಳಿಯುತ್ತಾ ಅನ್ನೋದು ಮೂರನೇದು. ನೇರವಾಗಿ ಹೇಳ್ತೀನಿ, ಮೊದಲೆರಡರಲ್ಲಿ ನಿಮಗಾಗ್ತಿರೋ ಕಸಿವಿಸಿ ಸರಿಯಾಗೇ ಇದೆ, ಅದು ಆರು ವರ್ಷದ ಅನುಭವ ಮಾತಾಡ್ತಿರೋದು. ಮೂರನೇದ್ರಲ್ಲಿ ಮಾತ್ರ ಸ್ವಲ್ಪ ಭಯ ಸೇರ್ಕೊಂಡಿದೆ ಅನ್ಸುತ್ತೆ, ಅದಕ್ಕೆ ಕೊನೇಲಿ ಬರ್ತೀನಿ.

ಮಾತಾಡೋದು ಮನುಷ್ಯನಿಗೆ ಸಹಜ, ಹಾಗಾಗಿ ಚಾಟ್ ಎಲ್ಲರಿಗೂ ಸುಲಭ ಅಂತ ನಿಮ್ಮ ಮೇಲಿನವರು ನಂಬಿರ್ತಾರೆ. ಮೊದಲರ್ಧ ನಿಜ. ಆದ್ರೆ ಆಸ್ಪತ್ರೆ ಕೌಂಟರಲ್ಲಿ ಕೂತಿರೋರ ಹತ್ರ ಮಾತಾಡುವಾಗ ನಮಗೆ ಗೊತ್ತಿಲ್ಲದ ಹಾಗೆ ನೂರೆಂಟು ಸುಳಿವು ಸಿಗ್ತಿರುತ್ತೆ, ಇವರು ಕೂತಿರೋದು ಯಾವ ಕೌಂಟರು, ಮುಂದೆ ಏನಿದೆ, ನಾನು ಹೇಳಿದ್ದು ಅರ್ಥ ಆಯ್ತಾ ಇಲ್ವಾ ಅಂತ ಮುಖ ನೋಡಿದ್ರೇ ತಿಳಿಯುತ್ತೆ. ಖಾಲಿ ಚಾಟ್ ಬಾಕ್ಸಲ್ಲಿ ಇದ್ಯಾವುದೂ ಇಲ್ಲ.

ನಾನು ಕೂತು ನೋಡಿದ ಒಂದು ಟೆಸ್ಟ್ ಸೆಷನ್ ಹೇಳ್ತೀನಿ, ನಿಮ್ಮದೇ ಥರದ ಸೇವೆ, ಚಾಟ್ ಮಾತ್ರ ಇರೋ ಪ್ರೋಟೋಟೈಪು. ಅರವತ್ತು ದಾಟಿದ ಒಬ್ಬ ಹೆಂಗಸು, ದಿನಾ ಫೋನ್ ಬಳಸೋರೇ, ಮಕ್ಕಳಿಗೆ ಮೆಸೇಜು ಫೋಟೋ ಎಲ್ಲಾ ಕಳ್ಸೋರು. ಕೊಟ್ಟ ಕೆಲಸ, ಸ್ಕ್ಯಾನಿಂಗ್ ಅಪಾಯಿಂಟ್‌ಮೆಂಟನ್ನ ಮುಂದಿನ ವಾರಕ್ಕೆ ಹಾಕ್ಬೇಕು. ಅವರು 'ಸ್ಕ್ಯಾನ್' ಅಂತ ಟೈಪ್ ಮಾಡಿದ್ರು, ಅಳಿಸಿದ್ರು, ಮತ್ತೆ ಟೈಪ್ ಮಾಡಿದ್ರು, ಹೆಬ್ಬೆರಳು ಕೀಬೋರ್ಡ್ ಮೇಲೇ ನಿಂತ್ಕೊಂಡ್ತು. ಆಮೇಲೆ ನನ್ನ ಕಡೆ ತಿರುಗಿ, "ಇದಕ್ಕೆ ಏನೇನು ಗೊತ್ತಿರುತ್ತೆ?" ಅಂದ್ರು. ಆ ಪ್ರಶ್ನೆ ಇವತ್ತಿಗೂ ನನ್ನ ಕಿವೀಲಿದೆ. ನನ್ನ ಹೆಸರು ಗೊತ್ತಾ, ಹಳೇ ಅಪಾಯಿಂಟ್‌ಮೆಂಟ್ ಗೊತ್ತಾ, ಎಲ್ಲಾ ಮೊದಲಿಂದ ಹೇಳ್ಬೇಕಾ? ಕೊನೆಗೆ ಹೆಸರು, ಹುಟ್ಟಿದ ತಾರೀಖು, ಡಾಕ್ಟರ್ ಹೆಸರು ಎಲ್ಲಾ ಹಾಕಿ ಒಂದು ಅರ್ಜಿನೇ ಬರೆದ್ರು. ಉತ್ತರ ಬಂತು, ಮೂರು ಪ್ಯಾರಾ, ಅದರ ನಡುವೆ ಎಲ್ಲೋ ನಾಲ್ಕು ಖಾಲಿ ಸಮಯ. ಅವರು ಬ್ಯಾಗಿಂದ ಪೆನ್ನು ಚೀಟಿ ತೆಗೆದು ಆ ನಾಲ್ಕನ್ನೂ ಒಂದರ ಕೆಳಗೆ ಒಂದು ಬರ್ಕೊಂಡು, ಚೀಟಿ ನೋಡ್ಕೊಂಡು ಒಂದನ್ನ ಆರಿಸಿ, ಮತ್ತೆ ಅದನ್ನ ಟೈಪ್ ಮಾಡಿದ್ರು. ಅಂದ್ರೆ ನಾವು ತೆಗೆದು ಹಾಕಿದ್ದ ಸ್ಕ್ರೀನನ್ನ ಅವರೇ ಕೈಯಲ್ಲಿ ಕಾಗದದ ಮೇಲೆ ಬರೆದ್ರು.

ಡಿಸೈನ್ ಸಂಶೋಧಕ ಡಾನ್ ನಾರ್ಮನ್ ಮತ್ತು ಜೊತೆಗಾರರು 1980ರ ದಶಕದಲ್ಲೇ ಇದನ್ನ ಎರಡು ಕಂದಕ ಅಂತ ವಿವರಿಸಿದ್ರು. ನನಗೆ ಬೇಕಾದ್ದನ್ನ ಯಂತ್ರಕ್ಕೆ ಹೇಗೆ ಮುಟ್ಟಿಸೋದು ಅನ್ನೋದು ಒಂದು ಕಂದಕ, ಯಂತ್ರ ಏನು ಮಾಡ್ತು ಅಂತ ನಾನು ಹೇಗೆ ತಿಳ್ಕೊಳ್ಳೋದು ಅನ್ನೋದು ಇನ್ನೊಂದು. ಆ ಹೆಂಗಸು "ಏನೇನು ಗೊತ್ತಿರುತ್ತೆ" ಅಂದಿದ್ದು ಮೊದಲನೇ ಕಂದಕದ ಅಂಚಲ್ಲಿ ನಿಂತು, ಚೀಟಿ ತೆಗೆದಿದ್ದು ಎರಡನೇದ್ರ ಅಂಚಲ್ಲಿ. ನೋಡಿ ಗುರುತಿಸೋದು ಸುಲಭ, ನೆನಪಿಂದ ತೆಗೆದು ಹೇಳೋದು ಕಷ್ಟ, ಇದು ಮನುಷ್ಯನ ತಲೆ ಕೆಲಸ ಮಾಡೋ ರೀತಿ. ಕಂಪ್ಯೂಟರ್ ಇತಿಹಾಸದಲ್ಲೂ ಟೈಪ್ ಮಾಡಿ ಅಪ್ಪಣೆ ಕೊಡೋದೇ ಮೊದಲು ಬಂದಿದ್ದು. ಜೆರಾಕ್ಸ್ ಸ್ಟಾರ್ ಅನ್ನೋ ಕಂಪ್ಯೂಟರ್ 1981ರಲ್ಲಿ, ಆಪಲ್ ಕಂಪನಿಯ ಮ್ಯಾಕಿಂಟಾಷ್ 1984ರಲ್ಲಿ ಬಂದಾಗ ಜನಕ್ಕೆ ಸಿಕ್ಕ ನೆಮ್ಮದಿ ಏನು ಅಂದ್ರೆ ಏನೇನಿದೆ ಅಂತ ಕಣ್ಣೆದುರಿಗೇ ಕಾಣ್ತಿತ್ತು, ಬೆರಳು ತೋರಿಸಿದ್ರೆ ಸಾಕಿತ್ತು.

ಹಾಗಂತ ಚಾಟ್ ಬೇಡವೇ ಬೇಡ ಅಂತ ನೀವೂ ಪಟ್ಟು ಹಿಡೀಬೇಡಿ, ಅಲ್ಲಿ ನೀವು ಸೋಲ್ತೀರಿ, ಸೋಲಬೇಕು ಕೂಡ. ಯಾಕಂದ್ರೆ ಈಗಿನ ಯಂತ್ರಕ್ಕೆ ನಿಜವಾಗ್ಲೂ ಆಡುಮಾತು ಅರ್ಥ ಆಗುತ್ತೆ, ಇದು ದೊಡ್ಡ ಬದಲಾವಣೆ. ಮಂಡಿ ನೋವಿಗೆ ಯಾವ ವಿಭಾಗ ಅಂತ ಗೊತ್ತಿಲ್ಲದ ಮನುಷ್ಯ ನಿಮ್ಮ ಹಳೇ ಮೆನುವಲ್ಲಿ 'ಆರ್ಥೋಪೆಡಿಕ್ಸ್' ಅನ್ನೋ ಪದದ ಮುಂದೆ ಪೆಚ್ಚಾಗಿ ನಿಂತಿರ್ತಾನೆ, ಅವನಿಗೆ 'ಮೆಟ್ಟಿಲು ಹತ್ತುವಾಗ ಮಂಡಿ ನೋಯುತ್ತೆ' ಅಂತ ಬರೆಯೋ ಜಾಗ ಕೊಟ್ರೆ ದೇವರು ಸಿಕ್ಕ ಹಾಗೆ. ಕೈ ಸರಿಯಾಗಿ ಆಡದವರಿಗೆ ದನಿಯಲ್ಲಿ ಹೇಳೋ ಅವಕಾಶ ಇದ್ರೆ ಇನ್ನೂ ಒಳ್ಳೇದು. ತನಗೆ ಬೇಕಾದ್ದು ತನ್ನ ಮಾತಲ್ಲಿ ಗೊತ್ತಿದೆ, ನಮ್ಮ ಸಿಸ್ಟಮ್ಮಿನ ಪದ ಗೊತ್ತಿಲ್ಲ, ಅಂಥ ಕಡೆ ಚಾಟ್ ಗೆಲ್ಲುತ್ತೆ. ಏನೇನು ಸಿಗುತ್ತೆ ಅಂತಾನೇ ಗೊತ್ತಿಲ್ಲದ ಕಡೆ, ನಾಲ್ಕನ್ನ ಪಕ್ಕಪಕ್ಕ ಇಟ್ಟು ಹೋಲಿಸ್ಬೇಕಾದ ಕಡೆ, ದಿನಾ ಮಾಡೋ ಒಂದೇ ಕೆಲಸದ ಕಡೆ, ಸ್ಕ್ರೀನ್ ಗೆಲ್ಲುತ್ತೆ.

ಇನ್ನೊಂದು ಮಾತು. ನಿಮ್ಮಲ್ಲಿ ಮೆನು ಕೆಟ್ಟಿದ್ದಕ್ಕೆ ಕಾರಣ ಅದು ಮೆನು ಆಗಿದ್ದಲ್ಲ, ಆಸ್ಪತ್ರೆಯ ವಿಭಾಗಗಳ ಪಟ್ಟೀನ ಹಾಗೇ ಎತ್ತಿ ರೋಗಿಯ ಮುಂದೆ ಇಟ್ಟಿದ್ದು ಇರಬಹುದು. ಬಹಳಷ್ಟು ಕಡೆ ನಾನು ಕಂಡಿದ್ದು ಇದನ್ನೇ. ಅದನ್ನ ಸರಿ ಮಾಡದೆ ಮೆನುನೇ ಕಿತ್ತು ಹಾಕಿದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅದೇ ಗೊಂದಲದ ಪಟ್ಟಿ ಏಜೆಂಟಿನ ಹಿಂದೆ ಕೂತಿರುತ್ತೆ, ಮುಂಚೆ ಕಣ್ಣಿಗೆ ಕಾಣ್ತಿತ್ತು, ಈಗ ಕಾಣಲ್ಲ ಅಷ್ಟೇ.

ಈಗ ಆ ಪಾಪ್‌ಅಪ್ ವಿಷಯ, ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಆಗಿದ್ದು. 'ಖಚಿತವಾ?' ಅಂತ ಕೇಳಿದ್ರೆ ತಪ್ಪು ತಡೆದ ಹಾಗೆ ಅನ್ನೋದು ನಮ್ಮ ಕ್ಷೇತ್ರದ ತುಂಬಾ ಹಳೇ ಮೂಢನಂಬಿಕೆ. ಹತ್ತರಲ್ಲಿ ಒಂಬತ್ತು ಸಲ ಉತ್ತರ 'ಹೌದು' ಆಗಿದ್ರೆ ಹತ್ತನೇ ಸಲ ಕೈ ತಾನಾಗೇ 'ಹೌದು' ಒತ್ತುತ್ತೆ, ಕಣ್ಣು ಓದೋ ಮುಂಚೆ ಬೆರಳು ಹೋಗಿರುತ್ತೆ. ಮ್ಯಾಕಿಂಟಾಷ್ ಪ್ರಾಜೆಕ್ಟ್ ಶುರು ಮಾಡಿದ ಜೆಫ್ ರಾಸ್ಕಿನ್ ಇದನ್ನ ಖಡಾಖಂಡಿತವಾಗಿ ಹೇಳ್ತಿದ್ರು, ಅಭ್ಯಾಸ ಆಗಿಬಿಟ್ಟ ಕೆಲಸದ ಮೇಲೆ ಎಚ್ಚರಿಕೆ ಹಾಕಿದ್ರೆ ಆ ಎಚ್ಚರಿಕೆನೂ ಅಭ್ಯಾಸದ ಒಂದು ಭಾಗ ಆಗಿಹೋಗುತ್ತೆ ಅಂತ. ಅವರು ಕೊಟ್ಟ ಮದ್ದು ಅಂಡೂ, ಅಂದ್ರೆ ಮಾಡಿದ್ದನ್ನ ವಾಪಸ್ ತಗೊಳ್ಳೋ ದಾರಿ. ಏಜೆಂಟ್ ಬಂದ ಮೇಲೆ ಇದು ಇನ್ನೂ ಕಷ್ಟ ಆಗಿದೆ. ಮುಂಚೆ ಬಟನ್ ಒತ್ತಿದವರಿಗೆ ತಾವು ಏನು ಮಾಡ್ತಿದೀವಿ ಅಂತ ಗೊತ್ತಿರ್ತಿತ್ತು, ಈಗ ಏಜೆಂಟ್ ಐದು ಹೆಜ್ಜೆ ಹಾಕಿ ಬಂದು ಆರನೇದಕ್ಕೆ 'ಸರಿನಾ?' ಅಂತ ಕೇಳುತ್ತೆ, ಆ ಐದರಲ್ಲಿ ಏನಾಯ್ತು ಅಂತ ಜನಕ್ಕೆ ಹೇಗೆ ಗೊತ್ತಾಗ್ಬೇಕು?

ಲಿಸಾನ್ ಬೇನ್‌ಬ್ರಿಡ್ಜ್ ಅನ್ನೋ ಮನಃಶಾಸ್ತ್ರಜ್ಞೆ 1983ರಲ್ಲೇ ದೊಡ್ಡ ಕಾರ್ಖಾನೆಗಳ ಕಂಟ್ರೋಲ್ ರೂಮುಗಳನ್ನ ಮನಸ್ಸಲ್ಲಿಟ್ಕೊಂಡು ಬರೆದಿದ್ದು ಇವತ್ತಿನ ಏಜೆಂಟುಗಳಿಗೆ ಅಕ್ಷರಶಃ ಹೊಂದುತ್ತೆ. ಸುಲಭದ ಕೆಲಸ ಎಲ್ಲಾ ಯಂತ್ರಕ್ಕೆ ಕೊಟ್ಟು ಮನುಷ್ಯನಿಗೆ ಕಾವಲು ಕಾಯೋ ಕೆಲಸ ಉಳಿಸ್ತೀವಿ, ಆದ್ರೆ ಸುಮ್ನೆ ಕೂತು ಕಾವಲು ಕಾಯೋದ್ರಲ್ಲೇ ಮನುಷ್ಯ ತುಂಬಾ ದುರ್ಬಲ, ಜೊತೆಗೆ ಕೈಯಾರೆ ಮಾಡೋ ರೂಢಿ ತಪ್ಪಿ ಹೋಗಿರೋದ್ರಿಂದ ಯಂತ್ರ ಕೈಕೊಟ್ಟ ಘಳಿಗೇಲಿ ಅವನ ಕೈಲೂ ಆಗಲ್ಲ. ನಿಮ್ಮ ಆ್ಯಪಲ್ಲಿ ಏಜೆಂಟ್ ಕೈಕೊಟ್ಟ ದಿನ ರೋಗಿಗೆ ತಾನೇ ಬುಕ್ ಮಾಡೋ ದಾರಿ ಇದೆಯಾ? ಮೆನು ಪೂರ್ತಿ ತೆಗೆದಿದ್ರೆ ಇಲ್ಲ.

ಹಾಗಾದ್ರೆ ಏನು ಮಾಡ್ಬೇಕು. ಏಜೆಂಟ್ ಮಾಡೋ ಒಂದೊಂದು ಕೆಲಸಾನೂ ಒಂದು ಹಾಳೆ ಮೇಲೆ ಬರೆದು, ತಪ್ಪಾದ್ರೆ ವಾಪಸ್ ಬರಬಹುದಾ, ಬರಕ್ಕಾಗದಿದ್ರೆ ನೋವು ಯಾರಿಗೆ ಅಂತ ಕೇಳ್ಕೊಳ್ಳಿ. ರಿಪೋರ್ಟ್ ಹುಡುಕಿ ತೋರಿಸೋದು, ಅದರಿಂದ ಏನೂ ಬದಲಾಗಲ್ಲ, ಏಜೆಂಟ್ ಕೇಳದೆ ಮಾಡ್ಲಿ, ತೋರಿಸ್ತಿರೋ ರಿಪೋರ್ಟ್ ಲಾಗಿನ್ ಆದವರದ್ದೇ ಆಗಿದ್ರೆ ಸಾಕು. ಬುಕಿಂಗ್ ವಾಪಸ್ ತಗೋಬಹುದು, ಮಾಡ್ಲಿ, ಮಾಡಿದ್ದನ್ನ ಒಂದು ಕಾರ್ಡಲ್ಲಿ ದಿನಾಂಕ, ಸಮಯ, ಡಾಕ್ಟರ್ ಹೆಸರು ದೊಡ್ಡದಾಗಿ ತೋರಿಸಿ ಪಕ್ಕದಲ್ಲೇ 'ಬದಲಾಯಿಸಿ' ಇಡಿ. ಕ್ಯಾನ್ಸಲ್ ಮೋಸದ್ದು, ನೋಡೋಕೆ ವಾಪಸ್ ಬರೋ ಥರ ಕಾಣುತ್ತೆ ಆದ್ರೆ ಬಿಟ್ಟ ಜಾಗ ಇನ್ನೊಬ್ಬರು ತಗೊಂಡ್ರೆ ಮುಗೀತು. ಇಲ್ಲಿ ಜಿಮೇಲ್ ಮಾಡೋದನ್ನ ನೋಡಿ, ಸೆಂಡ್ ಒತ್ತಿದ ಮೇಲೂ ಮೇಲನ್ನ 5ರಿಂದ 30 ಸೆಕೆಂಡ್ ತಡೆದಿಟ್ಟು 'ಅಂಡೂ' ತೋರಿಸುತ್ತೆ. ನಿಮ್ಮಲ್ಲಿ ಕ್ಯಾನ್ಸಲ್ ಆದ ಜಾಗಾನ ಹತ್ತು ನಿಮಿಷ ಯಾರಿಗೂ ಬಿಡದೆ ಹಿಡಿದಿಟ್ರೆ ಪಾಪ್‌ಅಪ್ಪೇ ಬೇಕಿಲ್ಲ, ಇದು ಇಂಜಿನಿಯರ್ ಜೊತೆ ಕೂತು ಸರ್ವರ್ ಕಡೆ ಮಾಡ್ಬೇಕಾದ ಡಿಸೈನು, ಇದೂ ನಿಮ್ಮ ಕೆಲಸವೇ. ಆದ್ರೆ ರಿಪೋರ್ಟನ್ನ ಇನ್ನೊಬ್ಬರಿಗೆ ಕಳ್ಸೋದಿದೆಯಲ್ಲ, ಅದು ಬಾಯಿಂದ ಬಿದ್ದ ಮಾತಿದ್ದ ಹಾಗೆ, ವಾಪಸ್ ಬರಲ್ಲ. ಅಲ್ಲಿ ಮಾತ್ರ ಏಜೆಂಟ್ ನಿಲ್ಲಬೇಕು, ಯಾವ ರಿಪೋರ್ಟು, ಯಾರಿಗೆ ಅನ್ನೋದನ್ನ ಸ್ಕ್ರೀನಲ್ಲಿ ಬಿಡಿಸಿ ತೋರಿಸಿ ಕೊನೇ ಬೆರಳು ಮನುಷ್ಯನದ್ದೇ ಆಗ್ಬೇಕು. ಹೀಗೆ ಒಂದೇ ಕಡೆ ತಡೆದು ಕೇಳಿದ್ರೆ ಜನ ಓದ್ತಾರೆ, ಎಲ್ಲಾ ಕಡೆ ಕೇಳಿದ್ರೆ ಎಲ್ಲೂ ಓದಲ್ಲ.

ಇದೇನು ನನ್ನ ಸ್ವಂತ ಆದರ್ಶ ಅಲ್ಲ. ಅಂಗವೈಕಲ್ಯ ಇರೋರಿಗೂ ವೆಬ್ ಬಳಸೋಕಾಗ್ಬೇಕು ಅಂತ ಮಾಡಿರೋ ವೆಬ್ ಆಕ್ಸೆಸಿಬಿಲಿಟಿ ಗೈಡ್‌ಲೈನ್ ಡಬ್ಲ್ಯುಸಿಎಜಿಯಲ್ಲಿ ಹಣ, ಕಾನೂನು ಒಪ್ಪಂದ, ಬಳಕೆದಾರರ ಡೇಟಾ ಬದಲಾಗೋ ಕಡೆ ವಾಪಸ್ ತಗೊಳ್ಳೋ ಅವಕಾಶ, ತಪ್ಪು ಪರೀಕ್ಷೆ, ಕಳ್ಸೋ ಮುಂಚೆ ಒಮ್ಮೆ ನೋಡೋ ಅವಕಾಶ, ಮೂರರಲ್ಲಿ ಒಂದಾದ್ರೂ ಇರಲೇಬೇಕು ಅಂತಿದೆ. ಅದರ 2.2 ಆವೃತ್ತಿ 2023ರ ಅಕ್ಟೋಬರಲ್ಲಿ ಬಂತು, ಬಟನ್ ಕನಿಷ್ಠ 24 ಪಿಕ್ಸೆಲ್ ಅಗಲ ಎತ್ತರ ಅನ್ನೋ ಹೊಸ ನಿಯಮ ಬಂದಿದ್ದೂ ಅದರಲ್ಲೇ. ಯುರೋಪಿನ ಆಕ್ಸೆಸಿಬಿಲಿಟಿ ಕಾಯ್ದೆ 2025ರ ಜೂನ್ 28ರಿಂದ ಜಾರಿಗೆ ಬಂದಿದೆ. ಮೀಟಿಂಗಲ್ಲಿ 'ನನಗನ್ಸುತ್ತೆ' ಅನ್ನೋದಕ್ಕಿಂತ ಇವುಗಳ ತೂಕ ಜಾಸ್ತಿ, ಉಪಯೋಗಿಸ್ಕೊಳ್ಳಿ. ಚಾಟಿನ ಉತ್ತರ ಒಂದೊಂದೇ ಪದವಾಗಿ ಹರಿದು ಬರೋದು ಕಣ್ಣಿರೋರಿಗೆ ಚೆಂದ, ಸರಿಯಾಗಿ ಕಟ್ಟದಿದ್ರೆ ಕಣ್ಣು ಕಾಣದವರಿಗೆ ಪರದೆ ಮೇಲಿನದನ್ನ ಜೋರಾಗಿ ಓದಿ ಹೇಳೋ ಸ್ಕ್ರೀನ್ ರೀಡರ್ ಅದನ್ನ ತುಂಡು ತುಂಡಾಗಿ ಓದಿ ಕೇಳೋರ ತಲೆ ಚಿಟ್ಟು ಹಿಡಿಸುತ್ತೆ, ಇದನ್ನೂ ಒಮ್ಮೆ ಕಿವಿಗೊಟ್ಟು ಕೇಳಿ ನೋಡಿ, ನಿಮ್ಮ ತಂಡದಲ್ಲಿ ಯಾರೂ ಕೇಳಿರಲ್ಲ ಅಂತ ನನ್ನ ಊಹೆ.

ಕೃತಕ ಬಳಕೆದಾರರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಸಂದರ್ಶನದ ಪ್ರಶ್ನೆಗಳನ್ನ ಒಮ್ಮೆ ಓಡಿಸಿ ನೋಡೋಕೆ, ಮರೆತುಹೋದ ತಪ್ಪು ದಾರಿಗಳನ್ನ ಹುಡುಕೋಕೆ ಅವು ಉಪಯೋಗಕ್ಕೆ ಬರ್ತವೆ, ನಾನೂ ಬಳಸ್ತೀನಿ. ಆದ್ರೆ ಅವು ಹೇಳೋದು ಜನ ಈಗಾಗ್ಲೇ ಬರೆದಿಟ್ಟ ಮಾತಿನ ಸರಾಸರಿ, ಅದೂ ಕೇಳೋರಿಗೆ ಒಪ್ಪೋ ಹಾಗೆ. ಬ್ಯಾಗಿಂದ ಪೆನ್ನು ಚೀಟಿ ತೆಗೆಯೋ ಕೃತಕ ಬಳಕೆದಾರನ್ನ ನಾನಿನ್ನೂ ನೋಡಿಲ್ಲ. ದುಡ್ಡಿಲ್ಲ ಅಂದ್ರೆ ಯೂಸರ್ ಟೆಸ್ಟಿಂಗಿಗೆ ಐದು ಜನ ಸಾಕು ಅನ್ನೋ ಲೆಕ್ಕ ಇದೆಯಲ್ಲ, ಅದು ನೀಲ್ಸನ್ ಮತ್ತು ಲ್ಯಾಂಡೌರ್ ಅನ್ನೋ ಸಂಶೋಧಕರು 1993ರಲ್ಲಿ ಕೊಟ್ಟ ಮಾದರಿಯಿಂದ ಬಂದಿದ್ದು, ಒಬ್ಬೊಬ್ಬರಿಂದ ಸರಾಸರಿ 31 ಶೇಕಡಾ ತೊಂದರೆ ಹೊರಬಂದ್ರೆ ಐವರಿಂದ ಸುಮಾರು 85 ಶೇಕಡಾ ಹೊರಬರುತ್ತೆ ಅಂತ. ಇದನ್ನ ಜನ ಮಂತ್ರದ ಥರ ಹೇಳ್ತಾರೆ ಆದ್ರೆ ಅದು ಒಂದೇ ಥರದ ಬಳಕೆದಾರರು, ಒಂದೇ ಥರದ ಕೆಲಸ ಇದ್ದಾಗಿನ ಮಾತು. ನಿಮಗೆ ವಯಸ್ಸಾದವರು ಐವರು, ಮೊದಲ ಸಲ ಬಳಸೋರು ಐವರು, ಸ್ಕ್ರೀನ್ ರೀಡರ್ ಬಳಸೋರು ಇಬ್ಬರು ಮೂವರು ಬೇಕು. ಇನ್ನೊಂದು ಹೊಸ ತಲೆನೋವು, ಅದೇ ವಾಕ್ಯಕ್ಕೆ ಏಜೆಂಟ್ ಇವತ್ತು ಒಂದು ಉತ್ತರ ಕೊಟ್ರೆ ನಾಳೆ ಇನ್ನೊಂದು ಕೊಡುತ್ತೆ, ಹಾಗಾಗಿ ಒಮ್ಮೆ ಟೆಸ್ಟ್ ಮಾಡಿ ಪಾಸಾಯ್ತು ಅಂತ ಕೈ ತೊಳ್ಕೊಳ್ಳೋ ಹಾಗಿಲ್ಲ, ನಿಜವಾದ ಸಂಭಾಷಣೆಗಳನ್ನ ಹೆಸರು ವಿವರ ತೆಗೆದು ವಾರ ವಾರ ಓದ್ಬೇಕು.

ಓದುವಾಗ ಒಂದು ಎಚ್ಚರ. 'ಚಾಟ್ ಮೆಸೇಜ್ ಸಂಖ್ಯೆ ಏರಿದೆ, ಜನ ತುಂಬಾ ಬಳಸ್ತಿದಾರೆ' ಅಂತ ಯಾರಾದ್ರೂ ಗ್ರಾಫ್ ತೋರಿಸಿದ್ರೆ ತಕ್ಷಣ ನಂಬಬೇಡಿ. ಆ ಹೆಂಗಸು ಒಂದು ಅಪಾಯಿಂಟ್‌ಮೆಂಟ್ ಬದಲಾಯಿಸೋಕೆ ಹನ್ನೊಂದು ಮೆಸೇಜ್ ಕಳ್ಸಿದ್ರು, ಗ್ರಾಫಲ್ಲಿ ಅವರು ತುಂಬಾ ಖುಷಿಯಾಗಿರೋ ಬಳಕೆದಾರರ ಥರ ಕಾಣ್ತಾರೆ. ಅಳೀಬೇಕಾದ್ದು ಕೆಲಸ ಮುಗೀತಾ, ತಪ್ಪು ಬುಕಿಂಗ್ ಎಷ್ಟು, ಆಮೇಲೆ ಸಹಾಯಕ್ಕೆ ಫೋನ್ ಮಾಡಿದವರು ಎಷ್ಟು, ಇವು.

ಪ್ರೋಟೋಟೈಪ್ ಅರ್ಧ ದಿನದಲ್ಲಿ ಆಗೋದು ನಿಜ, ಅದಕ್ಕೆ ಹೊಟ್ಟೆ ಉರ್ಕೊಳ್ಳೋದು ಬೇಡ. ತೊಂದರೆ ಇರೋದು ಅದು ನೋಡೋಕೆ ಪೂರ್ತಿ ಮುಗಿದ ಹಾಗೆ ಕಾಣುತ್ತಲ್ಲ ಅಲ್ಲಿ. ಪೆನ್ಸಿಲಲ್ಲಿ ಗೀಚಿದ ಸ್ಕೆಚ್ ತೋರಿಸಿದ್ರೆ ಎಲ್ಲರೂ ಬಾಯಿ ಹಾಕ್ತಿದ್ರು, ಈಗ ನುಣ್ಣಗೆ ಹೊಳೆಯೋದನ್ನ ನೋಡಿ ತಲೆ ಆಡಿಸಿ ಎದ್ದು ಹೋಗ್ತಾರೆ. ಒಳಗೆ ಹೋಗಿ ನೋಡಿದ್ರೆ ಖಾಲಿ ಪಟ್ಟಿ ಹೇಗೆ ಕಾಣ್ಬೇಕು, ನೆಟ್‌ವರ್ಕ್ ನಡುವೆ ಹೋದ್ರೆ ಬುಕಿಂಗ್ ಆಯ್ತಾ ಇಲ್ವಾ, ಒಂದೇ ಹೆಸರಿನ ಇಬ್ಬರು ಡಾಕ್ಟರ್ ಇದ್ರೆ, ಮಗಳು ಅಮ್ಮನ ಪರವಾಗಿ ಬುಕ್ ಮಾಡ್ತಿದ್ರೆ, ಏಜೆಂಟ್ ಅರ್ಧ ನಿಮಿಷ ಸುಮ್ನಿದ್ರೆ, ಇದಕ್ಕೆಲ್ಲಾ ಉತ್ತರ ಇರಲ್ಲ. ಒಂದು ಸೆಕೆಂಡ್ ದಾಟಿದ್ರೆ ಜನರ ಯೋಚನೆಯ ಓಟ ಕಡಿಯುತ್ತೆ, ಹತ್ತು ದಾಟಿದ್ರೆ ಗಮನ ಬೇರೆ ಕಡೆ ಹೋಗುತ್ತೆ ಅನ್ನೋ ಹಳೇ ಲೆಕ್ಕ ಏಜೆಂಟ್ ಬಂದ ಮಾತ್ರಕ್ಕೆ ಬದಲಾಗಿಲ್ಲ, ಆದ್ರೆ ಏಜೆಂಟ್ ಉತ್ತರ ಕೊಡೋಕೆ ಈ ಮಿತಿಗಿಂತ ಜಾಸ್ತಿ ಹೊತ್ತು ಸುಲಭವಾಗಿ ತಗೊಂಡುಬಿಡುತ್ತೆ. ಮ್ಯಾನೇಜರ್ ಪ್ರೋಟೋಟೈಪ್ ಮಾಡ್ಲಿ, ನೀವು ಈ ಪ್ರಶ್ನೆಗಳ ಪಟ್ಟಿ ಹಿಡ್ಕೊಂಡು ಪಕ್ಕದಲ್ಲಿ ಕೂತ್ಕೊಳ್ಳಿ.

ಇನ್ನು ನಿಮ್ಮ ಕೆಲಸ. ಬಿಲ್ ಮಾಗ್ರಿಡ್ಜ್ ಅಂತ ಒಬ್ಬ ಡಿಸೈನರ್ ಇದ್ರು, 1982ರಲ್ಲಿ ಬಂದ ಗ್ರಿಡ್ ಕಂಪಾಸ್ ಅನ್ನೋ ಮೊದಮೊದಲ ಲ್ಯಾಪ್‌ಟಾಪಿನ ರೂಪ ಕೊಟ್ಟವರು. ಅದರ ಕೀಲು, ಮುಚ್ಚಳ, ಹಿಡಿಕೆ ಎಲ್ಲಾ ಅಷ್ಟು ಪ್ರೀತಿಯಿಂದ ಮಾಡಿ, ಕೊನೆಗೆ ತಾವೇ ಕೂತು ಬಳಸೋಕೆ ಶುರು ಮಾಡಿದಾಗ ಕೆಲವೇ ನಿಮಿಷದಲ್ಲಿ ಆ ಪೆಟ್ಟಿಗೆ ಮರೆತೇಹೋಯ್ತು, ಮನಸ್ಸೆಲ್ಲಾ ಸ್ಕ್ರೀನಿನ ಒಳಗೆ ನಡೀತಿರೋದರ ಮೇಲೇ ಇತ್ತು. ಆ ಒಳಗಿನದಕ್ಕೂ ಡಿಸೈನ್ ಬೇಕು ಅನ್ನೋ ಅರಿವಿಂದ ಅವರು, ಇನ್ನೊಬ್ಬ ಡಿಸೈನರ್ ಬಿಲ್ ವೆರ್‌ಪ್ಲಾಂಕ್ ಸೇರಿ 1980ರ ದಶಕದಲ್ಲಿ ಇಟ್ಟ ಹೆಸರೇ ಇಂಟರಾಕ್ಷನ್ ಡಿಸೈನ್. ಪೆಟ್ಟಿಗೆಯ ರೂಪದಿಂದ ಒಳಗಿನ ನಡವಳಿಕೆ ಕಡೆ ಸರಿದಿದ್ದೇ ಈ ವೃತ್ತಿಯ ಹುಟ್ಟು. ಈಗ ಸ್ಕ್ರೀನಿನ ಚಿತ್ರದಿಂದ ಏಜೆಂಟಿನ ನಡವಳಿಕೆ ಕಡೆ ಸರೀಬೇಕಾಗಿದೆ. ಯಾವಾಗ ಕೇಳ್ಬೇಕು, ಯಾವಾಗ ಸುಮ್ನೆ ಮಾಡ್ಬೇಕು, ತಪ್ಪಾದಾಗ ಹೇಗೆ ಒಪ್ಕೋಬೇಕು, ಎಲ್ಲಿ ಮನುಷ್ಯನ ಕೈಗೆ ಬಿಟ್ಟುಕೊಡ್ಬೇಕು. ದಿನವಿಡೀ ಬಟನ್ನು ಬಣ್ಣ ಜೋಡಿಸೋದೇ ನಿಮ್ಮ ಕೆಲಸ ಆಗಿದ್ರೆ ಆ ಭಾಗ ಕಮ್ಮಿ ಆಗುತ್ತೆ, ಇದನ್ನ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ. ನಿಮ್ಮ ಪತ್ರದಲ್ಲಿರೋ ಪ್ರಶ್ನೆಗಳು ಮಾತ್ರ ಆ ಥರದವಲ್ಲ.

ಮುಂದೇನು ಅಂದ್ರೆ, ಪೂರ್ತಿ ಒಪ್ಕೊಂಡು ಸುಮ್ನಾಗಬಹುದು, ಆಗ ಮೊದಲ ದೊಡ್ಡ ತಪ್ಪು ಆದಾಗ ಡಿಸೈನ್ ಮಾಡಿದ್ದು ಯಾರು ಅಂತ ನಿಮ್ಮನ್ನೇ ಕೇಳ್ತಾರೆ. ಪೂರ್ತಿ ವಿರೋಧ ಮಾಡಿದ್ರೆ ಮೀಟಿಂಗಿಗೆ ಕರೆಯೋದೇ ನಿಲ್ಲಿಸ್ತಾರೆ. ನಾನಾಗಿದ್ರೆ ನಡುವಿನ ದಾರಿ ಹಿಡೀತಿದ್ದೆ, ಮೇಲ್ಗಡೆ ಚಾಟ್ ಬಾಕ್ಸ್ ಇರ್ಲಿ, ಕೆಳಗೆ ಜನ ದಿನಾ ಮಾಡೋ ನಾಲ್ಕೈದು ಕೆಲಸದ ಬಟನ್ ಇರ್ಲಿ, ಮುಂದಿನ ಅಪಾಯಿಂಟ್‌ಮೆಂಟ್ ಕಣ್ಣಿಗೆ ಬೀಳ್ಲಿ, ಮಾತಲ್ಲಿ ಕೇಳಿದ್ರೂ ಉತ್ತರ ಪ್ಯಾರಾ ಆಗಿ ಬರದೆ ಬೆರಳಿಟ್ಟು ಆರಿಸೋ ಪಟ್ಟಿಯಾಗಿ ಬರ್ಲಿ. ಇದರ ಅಪಾಯ, ಎರಡೂ ಅರ್ಧಂಬರ್ಧ ಆಗಿ ಉಳಿಯೋದು, ಅದಕ್ಕೆ ಒಂದೇ ಆಸ್ಪತ್ರೇಲಿ ಒಂದು ತಿಂಗಳು ಮಾಡಿ ನೋಡೋಣ ಅಂತ ಕೇಳಿ. ಇಷ್ಟಾದ್ಮೇಲೂ ರಿಪೋರ್ಟ್ ಕಳ್ಸೋದನ್ನ ಏಜೆಂಟ್ ಕೇಳದೇ ಮಾಡುತ್ತೆ ಅಂತ ಹಟ ಹಿಡಿದ್ರೆ ನಿಮ್ಮ ಆಕ್ಷೇಪಣೆ ಬರವಣಿಗೇಲಿ ಕೊಟ್ಟು ಬೇರೆ ಕೆಲಸ ನೋಡಿ, ಬಿಡ್ಬೇಕಾದ್ದು ಆ ಕಂಪನಿ, ಈ ವೃತ್ತಿ ಅಲ್ಲ.

ಅದಕ್ಕೂ ಮೊದಲು ಈ ವಾರವೇ ಮೂರು ಜನರನ್ನ ಕೂರಿಸಿ, ಬಜೆಟ್ ಬೇಡ, ನಿಮ್ಮ ತಂಡದವರ ಅಪ್ಪ ಅಮ್ಮಂದಿರಾದ್ರೂ ಶುರು ಮಾಡೋಕೆ ಸಾಕು. ಒಪ್ಪಿಗೆ ತಗೊಂಡು ಕೈ ಮತ್ತು ಫೋನ್ ಮಾತ್ರ ಕಾಣೋ ಹಾಗೆ ವಿಡಿಯೋ ಮಾಡಿ. ಅಪಾಯಿಂಟ್‌ಮೆಂಟ್ ಬದಲಾಯಿಸೋ ಕೆಲಸ ಕೊಡಿ, ಆಮೇಲೆ ಒಂದು ಕ್ಯಾನ್ಸಲ್ ಕೊಡಿ, ಮಧ್ಯೆ ಬಾಯಿ ಹಾಕ್ಬೇಡಿ. ಮೇಜಿನ ಮೇಲೆ ಒಂದು ಪೆನ್ನು, ಒಂದು ಖಾಲಿ ಹಾಳೆ ಇಟ್ಟಿರಿ, ಅದನ್ನ ಯಾವಾಗ ಕೈಗೆ ತಗೊಳ್ತಾರೆ ಅಂತ ನೋಡಿ, ಆ ಕ್ಷಣದ ವಿಡಿಯೋ ತುಣುಕನ್ನೇ ಮುಂದಿನ ಮೀಟಿಂಗಲ್ಲಿ ಮೊದಲು ಹಾಕಿ.